ನಾನು ನೋಡದ ಕೂಡಿಕೆ

ನಮ್ಮ ಮನೆಯಲ್ಲಿ ಫೈಲು ಅಂತ ಒಂದು ಇದ್ದದ್ದು ನನ್ನ ಎರಡನೇ ಸೊಸೆಯದು ಮಾತ್ರ. ನೀಲಿ ರಟ್ಟಿನದು, ದಾರ ಕಟ್ಟಿದ್ದು. ಮಗ ಅದನ್ನು ಟ್ರಂಕಿನೊಳಗೆ ತನ್ನ ಮೊದಲ ಹೆಂಡತಿಯ ಧಾರೆ ಸೀರೆಯ ಮೇಲೆ ಇಡುತ್ತಿದ್ದ. ಅದು ನನಗೆ ಆಗುತ್ತಿರಲಿಲ್ಲ. ಯಾರೂ ಇಲ್ಲದಾಗ ಸೀರೆ ತೆಗೆದು ಫೈಲಿನ ಮೇಲೆ ಇಡುತ್ತಿದ್ದೆ. ಮಾರನೇ ದಿನ ನೋಡಿದರೆ ಫೈಲು ಮತ್ತೆ ಮೇಲೆ ಬಂದಿರುತ್ತಿತ್ತು.

ಮೊದಲ ಸೊಸೆ ನನ್ನ ಅಣ್ಣನ ಮಗಳು. ಯಲ್ಲದಕೆರೆಯಿಂದ ನಾನೇ ನೋಡಿ ತಂದವಳು. ಬಾಣಂತನದಲ್ಲಿ ತೀರಿಕೊಂಡಳು. ಕೂಸು ನನ್ನ ಮಡಿಲಿಗೆ ಬಂತು, ಹೆಣ್ಣು ಕೂಸು. ಮಗನಿಗೆ ಹಿರಿಯೂರಿನಲ್ಲಿ ಇರಲು ಮನಸ್ಸಾಗಲಿಲ್ಲ. ಡ್ರೈವರ್ ಕೆಲಸ ಹಿಡಿದು ಕುವೈತಿಗೆ ಹೋದ. ಕೂಸಿಗೆ ಹಸುವಿನ ಹಾಲು ಕುಡಿಸಿ, ರಾಗಿ ಮಣ್ಣಿ ತಿನ್ನಿಸಿ, ಹಲ್ಲು ಬರುವಾಗಿನ ಭೇದಿ ಎಲ್ಲಾ ನೋಡಿಕೊಂಡು ನಾನು ಸಾಕಿದೆ. ಎರಡು ವರ್ಷ ತುಂಬುವ ಮೊದಲೇ ಮಗ ವಾಪಸ್ ಬಂದ. ಜೊತೆಗೆ ಈ ಹೆಂಗಸು ಇದ್ದಳು.

ಅವಳು ಲಂಕೆಯವಳು. ಗುಡ್ಡದ ಟೀ ತೋಟದ ತಮಿಳರ ಪೈಕಿ. ಅವಳ ಗಂಡ ಸತ್ತ ಮೇಲೆ ಕುವೈತಿನ ಒಂದು ಮನೆಯಲ್ಲಿ ಅಡುಗೆ ಮಾಡಿಕೊಂಡು ಇದ್ದಳಂತೆ. ಅದೇ ಮನೆಯ ಕಾರು ನಮ್ಮ ಮಗ ಓಡಿಸುತ್ತಿದ್ದದ್ದು. ಆಮೇಲೆ ಲಂಕೆಗೆ ಹೋಗಿ, ಅವಳ ತಾಯಿಯನ್ನು ಕೇಳಿ, ವೀಸಾ ಮಾಡಿಸಿ ಕರೆದುಕೊಂಡು ಬಂದಿದ್ದ. ಬಾಗಿಲಲ್ಲಿ ನಿಂತು, "ಅವ್ವ, ಇವಳು ಇಲ್ಲೇ ಇರ್ತಾಳೆ," ಅಂದ.

"ಇರಲಿ. ಎಷ್ಟು ದಿನ?" ಅಂದೆ.

"ಯಾವಾಗಲೂ."

ನಮ್ಮಲ್ಲಿ ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಕೊಡುವುದುಂಟು, ಆದರೆ ಅದಕ್ಕೆ ಮದುವೆ ಎನ್ನುವುದಿಲ್ಲ. ಕೂಡಿಕೆ ಎನ್ನುತ್ತೇವೆ. ಚಪ್ಪರ ಇಲ್ಲ, ವಾಲಗ ಇಲ್ಲ, ಧಾರೆ ಇಲ್ಲ, ಕರೆಯೋಲೆ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಒಬ್ಬಿಬ್ಬರು ಹಿರಿಯರು ಕೂತುಕೊಳ್ಳುತ್ತಾರೆ. ಹೆಣ್ಣಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ತಾಳಿ ಕಟ್ಟಿಸುತ್ತಾರೆ. ಸೀರೆ ಉಡಿಸುವವಳೂ ಗಂಡ ಸತ್ತವಳೇ ಆಗಿರಬೇಕು. ಮುತ್ತೈದೆಯರು ಅತ್ತ ತಲೆ ಹಾಕಬಾರದು, ನೋಡಿದರೆ ಅವರ ತಾಳಿಗೆ ಕೇಡು.

ಸೀರೆ ಉಡಿಸಲು ಹೊಸದುರ್ಗದಿಂದ ನನ್ನ ಅಕ್ಕ ಬಂದಿದ್ದಳು. ಅವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ನನ್ನ ಗಂಡ ಮತ್ತು ಊರಿನ ಒಬ್ಬ ಮುದುಕರು ಪಡಸಾಲೆಯಲ್ಲಿ ಕೂತರು. ನನ್ನ ಗಂಡ ಜೀವಂತ ಇದ್ದರಲ್ಲ, ಹಾಗಾಗಿ ನಾನು ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ತೆಂಗಿನ ಮರದ ಕಡೆ ಮುಖ ಮಾಡಿ ನಿಂತೆ. ನೋಡುವ ಆಸೆಯೂ ಇರಲಿಲ್ಲ. ಒಳಗೆ ಬಂದಾಗ ಎಲ್ಲ ಮುಗಿದಿತ್ತು. ಅಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಲಂಕೆಯವಳು ನಮ್ಮ ದೇಶದಲ್ಲಿ ಇರಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು, ಒಪ್ಪಿಗೆಗೆ ಮದುವೆ ರಿಜಿಸ್ಟರ್ ಆಗಿರಬೇಕು ಅಂತ ಯಾರೋ ಮಗನಿಗೆ ಹೇಳಿದರು. ರಿಜಿಸ್ಟರ್ ಮಾಡಲು ಲಗ್ನಪತ್ರಿಕೆ ಮತ್ತು ಫೋಟೊ ಕೇಳುತ್ತಾರಂತೆ. ಕೂಡಿಕೆಗೆ ಲಗ್ನಪತ್ರಿಕೆ ಎಲ್ಲಿಂದ ತರುವುದು? ಮಗ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದ. ಪ್ರೆಸ್ಸಿನವನು ತನ್ನ ಹತ್ತಿರ ಇದ್ದ ಮಾದರಿಯಲ್ಲೇ ಹೊಡೆದು ಕೊಟ್ಟ. ಅದರಲ್ಲಿ ಗಣಪತಿ ಇದ್ದ, ಬೆಳಗಿನ ಮುಹೂರ್ತ ಇತ್ತು, ಒಂದು ಛತ್ರದ ಹೆಸರಿತ್ತು, ಹೆಣ್ಣಿಗೆ ಚಿರಂಜೀವಿ ಸೌಭಾಗ್ಯವತಿ ಅಂತ ಇತ್ತು. ಕೆಳಗೆ ತಮ್ಮ ಆಗಮನಾಭಿಲಾಷಿಗಳು ಅಂತ ನನ್ನದೂ ನನ್ನ ಗಂಡನದೂ ಹೆಸರು. ಓದಿ ನೋಡಿ ನನಗೆ ಮೈ ಉರಿಯಿತು. ಅಣ್ಣನ ಮಗಳ ಮದುವೆಗೂ ಇಷ್ಟು ದಪ್ಪ ಕಾಗದದಲ್ಲಿ ಕಾರ್ಡು ಹೊಡೆಸಿರಲಿಲ್ಲ.

ಫೋಟೊದಲ್ಲಿ ಅವಳ ಕೊರಳು ಬೋಳಾಗಿ ಕಾಣುತ್ತದೆ ಅಂತ ಮಗ ನನ್ನ ಅವಲಕ್ಕಿ ಸರ ಕೇಳಿದ. ಕೊಟ್ಟೆ. ಇಬ್ಬರೂ ಸ್ಟುಡಿಯೊದಲ್ಲಿ ಹಾರ ಹಾಕಿಕೊಂಡು ನಿಂತು ತೆಗೆಸಿಕೊಂಡು ಬಂದರು. ಅವಳು ಹೊಸಲು ದಾಟುವ ಮೊದಲೇ ಕೈ ಚಾಚಿದೆ. ಅವಳು ಅಲ್ಲೇ ನಿಂತು ಬಿಚ್ಚಿ ಕೊಟ್ಟಳು. ರಿಜಿಸ್ಟರ್ ಆಫೀಸಿನಲ್ಲಿ ನನ್ನ ಗಂಡ ಹೆಬ್ಬೆಟ್ಟು ಒತ್ತಿದರು, ಮಗನ ಸ್ನೇಹಿತನೊಬ್ಬ ಸಹಿ ಹಾಕಿದ. ನನ್ನನ್ನೂ ಕರೆದಿದ್ದರು. ಕಾಲು ನೋವು ಅಂದೆ.

ಅಲ್ಲಿಂದ ಶುರುವಾಯಿತು ದುರ್ಗದ ತಿರುಗಾಟ. ಬೇರೆ ದೇಶದವರು ಅಲ್ಲಿನ ಜಿಲ್ಲಾ ಪೊಲೀಸ್ ಆಫೀಸಿನಲ್ಲಿ ಹೆಸರು ಬರೆಸಬೇಕು. ಇರುವುದಕ್ಕೆ ಕೊಟ್ಟ ಪರ್ಮಿಟ್ಟನ್ನು ವರ್ಷ ವರ್ಷ ಮುಂದಕ್ಕೆ ಹಾಕಿಸಬೇಕು. ಹೋಗುವ ದಿನ ಅವಳು ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಇಸ್ತ್ರಿ ಸೀರೆ ಉಟ್ಟು, ಫೈಲು ಎದೆಗೆ ಅವುಚಿಕೊಂಡು ಬಸ್ಸು ಹತ್ತುತ್ತಿದ್ದಳು. ಮಗ ಪಕ್ಕದಲ್ಲಿ. ಸಂಜೆ ಬರುವಾಗ ತಲೆ ತುಂಬಾ ಮಲ್ಲಿಗೆ ಇರುತ್ತಿತ್ತು. ಒಂದು ಸಲ ಕೋಟೆ ನೋಡಿಕೊಂಡು ಬಂದರು. ಇನ್ನೊಂದು ಸಲ ಆಫೀಸಿನಲ್ಲಿ ಸಾಹೇಬರು ಇರಲಿಲ್ಲ ಅಂತ ಜೋಗಿಮಟ್ಟಿಗೆ ಹೋಗಿದ್ದರು. ನನ್ನ ಗಂಡ ನನ್ನನ್ನು ದುರ್ಗಕ್ಕೆ ಕರೆದುಕೊಂಡು ಹೋದದ್ದು ಒಂದೇ ಸಲ, ಕಣ್ಣಿನ ಪೊರೆ ತೆಗೆಸಲು. ಆಗ ಕಣ್ಣಿಗೆ ಬಟ್ಟೆ ಕಟ್ಟಿದ್ದರು.

ಬೀದಿಯ ಹೆಂಗಸರಿಗೆಲ್ಲ ಅವಳದೇ ವಿಚಾರ. ನೀರು ಹಿಡಿಯಲು ಹೋದರೆ, "ನಿಮ್ಮ ಸೊಸೆ ಪರ್ಮಿಟ್ಟು ಏನಾತು?" ಅಂತ ಕೇಳುವರು. ನನಗೆ ಮಂಡಿ ನೋವು ಹೇಗಿದೆ ಅಂತ ಕೇಳಿದವರಿಲ್ಲ. ಸರ್ಕಾರಕ್ಕೂ ಅವಳದೇ ಚಿಂತೆ. ಎಲ್ಲಿ ಹುಟ್ಟಿದಳು, ಎಲ್ಲಿ ಮಲಗುತ್ತಾಳೆ, ಊರು ಬಿಟ್ಟು ಹೋಗಿದ್ದಳಾ, ಎಲ್ಲ ಬೇಕು. ನಾನು ಹುಟ್ಟಿದ ದಿನ ನಮ್ಮ ಅವ್ವನಿಗೇ ನೆನಪಿರಲಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಮೊಮ್ಮಗಳ ವಿಷಯ ಸಹಿಸಲು ಆಗಲಿಲ್ಲ. ಲಂಕೆಯವಳನ್ನು ಚಿಕ್ಕಮ್ಮ ಅನ್ನು ಅಂತ ನಾನು ಕೂಸಿಗೆ ಹೇಳಿಕೊಟ್ಟಿದ್ದೆ. ಸ್ವಲ್ಪ ದಿನ ಹಾಗೇ ಕರೆಯಿತು. ಆಮೇಲೆ ಚಿಕ್ಕ ಬಿಟ್ಟುಹೋಯಿತು, ಅಮ್ಮ ಉಳಿಯಿತು. ಅವಳು ಅಕ್ಕಿ ಹಿಟ್ಟಿನ ಶಾವಿಗೆ ಒತ್ತಿ, ಕಾಯಿ ತುರಿಗೆ ಒಣಮೆಣಸಿನಕಾಯಿ ಹಾಕಿ ಕಲ್ಲಿನಲ್ಲಿ ಜಜ್ಜಿ ಕೊಡುತ್ತಿದ್ದಳು. ಕೂಸು ಕೈ ನೆಕ್ಕಿಕೊಂಡು ತಿನ್ನುತ್ತಿತ್ತು. ನಾನು ಮುದ್ದೆ ಮಾಡಿ ಕರೆದರೆ, "ಅಜ್ಜಿ, ಹೊಟ್ಟೆ ತುಂಬೈತೆ," ಅನ್ನುತ್ತಿತ್ತು. ನನ್ನ ಪಕ್ಕ ಮಲಗುವುದನ್ನು ಬಿಟ್ಟು ಅವಳ ಚಾಪೆಗೆ ಹೋಯಿತು. ಒಂದು ದಿನ ಎಳೆದುಕೊಂಡು ಬಂದೆ. ಅತ್ತಿತು. ಅತ್ತೂ ಅತ್ತೂ ಮತ್ತೆ ಅವಳ ಹತ್ತಿರಕ್ಕೇ ಹೋಯಿತು.

ಏಳು ವರ್ಷ ಇಲ್ಲೇ ಇದ್ದ ಮೇಲೆ ಮಗ ಅವಳನ್ನು ನಮ್ಮ ದೇಶದವಳನ್ನಾಗಿಯೇ ಮಾಡಬೇಕು ಅಂತ ಡೀಸಿ ಆಫೀಸಿಗೆ ಅರ್ಜಿ ಹಾಕಿದ. ಈ ಅರ್ಜಿ ಆದರೆ ವರ್ಷ ವರ್ಷ ತಿರುಗುವುದು ತಪ್ಪುತ್ತದೆ, ಆಗದಿದ್ದರೆ ಪರ್ಮಿಟ್ಟಿಗೂ ತೊಂದರೆ ಬರಬಹುದು ಅಂತ ಅವನು ಮನೆಯವರಿಗೆ ಬಿಡಿಸಿ ಹೇಳಿದ. ಮೊದಲು ಹಿರಿಯೂರಿನ ಪೊಲೀಸ್ ಠಾಣೆಯ ದಫೇದಾರರು ಮನೆಗೆ ಬಂದು ನೋಡಿ, ನೆರೆಯವರನ್ನು ಕೇಳಿಕೊಂಡು ಹೋದರು. ಆಮೇಲೆ ದುರ್ಗದ ಡೀಸಿ ಆಫೀಸಿಗೆ ಗಂಡ ಹೆಂಡತಿ ಬರಬೇಕು, ಹುಡುಗನ ತಂದೆ ತಾಯಿಯೂ ಬರಬೇಕು ಅಂತ ಹೇಳಿ ಕಳಿಸಿದರು.

ಹಿಂದಿನ ದಿನ ಮಗ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟ.

"ಅವ್ವ, ಸಾಹೇಬ್ರು ಕೇಳ್ತಾರೆ. ಬೆಳಿಗ್ಗೆ ಛತ್ರದಾಗೆ ಆತು ಅನ್ನು. ನಾನೂ ಧಾರೆ ಎರೆದೆ ಅನ್ನು. ಅಷ್ಟೇ."

"ನಾನು ಕೂಡಿಕೆಯಾಗೆ ನಿಂತಿದ್ದೆ ಅನ್ಲಾ? ನಿಮ್ಮಪ್ಪ ಇನ್ನೂ ಬದುಕ್ಯವ್ನೆ ಕಣೋ."

"ಕೂಡಿಕೆ ಅನ್ನಬೇಡ, ಮದುವೆ ಅನ್ನು."

"ಅನ್ನದಿದ್ರೆ ಏನಾಗುತ್ತೆ?"

"ಕಳಿಸಿಬಿಡ್ತಾರೆ ಅವಳನ್ನ."

ನಾನು ಮೊರ ಎಳೆದುಕೊಂಡೆ. ರಾಗಿ ಕೇರುತ್ತಾ ಕೂತೆ.

ದುರ್ಗದಲ್ಲಿ ಮೊದಲು ಅವರಿಬ್ಬರನ್ನು ಬೇರೆ ಬೇರೆ ಕರೆದು ಕೇಳಿದರು. ಗಂಡನಿಗೆ ಏನು ಊಟ ಇಷ್ಟ, ಮನೆಗೆ ಬಾಗಿಲು ಎಷ್ಟು, ಹಸು ಯಾವ ಬಣ್ಣ ಅಂತೆಲ್ಲ. ಇಬ್ಬರೂ ಹೊರಗೆ ಬಂದಾಗ ಮುಖ ಚೆನ್ನಾಗಿಯೇ ಇತ್ತು. ಆಮೇಲೆ ನನ್ನನ್ನು ಕರೆದರು. ಅಧಿಕಾರಿ ಕರಾವಳಿ ಕಡೆಯವರು, ಮಾತು ಪುಸ್ತಕದ ಹಾಗೆ ಇತ್ತು. ಪಕ್ಕದಲ್ಲಿ ನಮ್ಮ ದಫೇದಾರರು ನಿಂತಿದ್ದರು.

"ಅಮ್ಮಾ, ನಿಮ್ಮ ಮಗನ ಮದುವೆ ಎಲ್ಲಿ ಆಯಿತು?"

"ಯಲ್ಲದಕೆರೆಯಾಗೆ."

ಅವರು ಕಾರ್ಡು ನೋಡಿದರು. "ಇಲ್ಲಿ ಹಿರಿಯೂರಿನ ಛತ್ರ ಅಂತ ಇದೆಯಲ್ಲ."

"ಯಲ್ಲದಕೆರೆಯಾಗೆ ಆಗಿದ್ದು ನಮ್ಮ ಅಣ್ಣನ ಮಗಳ ಮದುವೆ ಸ್ವಾಮಿ. ಆಯಮ್ಮ ತೀರ್ಕೊಂಡ್ಲು."

"ನಾನು ಕೇಳಿದ್ದು ಹೊರಗೆ ಕೂತಿರುವವರ ಮದುವೆ."

"ಅದು ಮದುವೆ ಅಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಮದುವೆ ಅಲ್ಲವಾ?"

"ಅಲ್ಲ. ಕೂಡಿಕೆ."

"ನೀವು ಅಲ್ಲಿದ್ದಿರಾ?"

"ಹಿತ್ತಲಾಗಿದ್ದೆ."

"ತಾಳಿ ಕಟ್ಟಿದ್ದು ನೋಡಿದಿರಾ?"

"ಇಲ್ಲ."

"ಸ್ವಂತ ಮಗನ ಮದುವೆ ನೋಡಲಿಲ್ಲವಾ?"

"ಅದನ್ನ ನಾನು ನೋಡಬಾರದು."

ಸುಳ್ಳು ಒಂದಕ್ಷರ ಹೇಳಲಿಲ್ಲ. ಹೇಳುವಾಗ ನಾಲಿಗೆಗೆ ಹಿತವಾಗಿತ್ತು, ಅದೂ ನಿಜ. ದಫೇದಾರರು ಬಗ್ಗಿ ಅಧಿಕಾರಿಯ ಹತ್ತಿರ, "ಸಾರ್, ನಮ್ಮ ಕಡೆ ಇದು ಐತೆ. ಗಂಡ ಸತ್ತೋರಿಗೆ ಮಾಡೋದು," ಅಂತ ಮೆಲ್ಲಗೆ ಹೇಳಿದರು.

"ಇರಬಹುದು. ಹಾಗಾದರೆ ಈ ಕಾರ್ಡು ಯಾವುದು?" ಅಂತ ಅಧಿಕಾರಿ ಕಾರ್ಡನ್ನು ಎತ್ತಿ ಹಿಡಿದರು.

ಮಗನನ್ನು ಒಳಗೆ ಕರೆಸಿದರು.  ಕೂಡಿಕೆ ಆದ ಮೇಲೆ ಕಾರ್ಡು ಹೊಡೆಸಿದ್ದು ಅಂತ ಅವನು ಒಪ್ಪಿಕೊಂಡ. ಅಧಿಕಾರಿ ಕೂಗಾಡಲಿಲ್ಲ. ಸುಳ್ಳು ಕಾರ್ಡಿಗೆ ಸಾಕ್ಷಿ ಹಾಕಿದವರ ಮಾತು ನನಗೆ ಬೇಡ, ನಿಮ್ಮ ತಂದೆಯದೂ ಬೇಡ, ಸ್ನೇಹಿತನದೂ ಬೇಡ, ನಿಜವಾಗಿ ಕಣ್ಣಾರೆ ನೋಡಿದವರು ಬೇರೆ ಯಾರಿದ್ದಾರೋ ಅವರನ್ನು ಕರೆತನ್ನಿ, ಇಲ್ಲದಿದ್ದರೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ ಅಂದರು. ಪಡಸಾಲೆಯಲ್ಲಿ ಕೂತಿದ್ದ ಆ ಮುದುಕರು ಸತ್ತು ವರ್ಷವಾಗಿತ್ತು. ಉಳಿದವಳು ನನ್ನ ಅಕ್ಕ ಒಬ್ಬಳೇ.

ಮಗ ಬಸ್ಸಿನಲ್ಲಿ ನನ್ನಿಂದ ದೂರ ಹೋಗಿ ಕೂತ. ಮನೆಗೆ ಬಂದ ಮೇಲೆ ಅವನ ಅಪ್ಪನಿಗೆ ಕೇಳಿಸುವ ಹಾಗೆ ಹೇಳಿದ. "ದೊಡ್ಡವ್ವನ್ನ ನಾನು ಕರೆಯಾಕೆ ಹೋಗಲ್ಲ. ಯಾರು ಕೆಡಿಸಿದ್ರೋ ಅವರೇ ಹೋಗಲಿ. ಹೋಗದಿದ್ರೆ ನಾನೂ ಲಂಕೆಗೆ ಹೋಗ್ತೀನಿ. ಅಲ್ಲೂ ಲಾರಿ ಅವೆ."

ಸೊಸೆ ಒಲೆ ಮುಂದೆ ಕೂತಿದ್ದಳು. ನನ್ನ ಕಡೆ ತಿರುಗಿ, "ಅತ್ತೆ, ನೀವು ಪೊಯ್ ಸೊಲ್ಲಲಿಲ್ಲ. ಸುಳ್ಳು ಹೇಳಲಿಲ್ಲ. ಸರಿ," ಅಂದಳು. ಬೈದಿದ್ದರೆ ವಾಸಿಯಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು.

ನಾನು ಮೊಮ್ಮಗಳನ್ನು ಕೇಳಿದೆ. "ನಿಮ್ಮಪ್ಪ ಹೋದ್ರೆ ನೀನು ಯಾರ ಜೊತೆ ಇರ್ತೀಯ?"

"ಅಮ್ಮನ ಜೊತೆ."

"ಅಮ್ಮ ಲಂಕೆಗೆ ಹೋದ್ರೆ?"

"ಲಂಕೆಯಾಗೂ ಇಸ್ಕೂಲ್ ಐತಂತೆ ಅಜ್ಜಿ."

ಎಲ್ಲ ಮಾತಾಡಿಕೊಂಡಿದ್ದಾರೆ ಅಂತ ಗೊತ್ತಾಯಿತು. ಅವಳು ಹೋದರೆ ಒಬ್ಬಳೇ ಹೋಗುವುದಿಲ್ಲ. ಮಗ ಹೋಗುತ್ತಾನೆ, ಕೂಸು ಹೋಗುತ್ತದೆ. ಉಳಿಯುವುದು ನಾನು, ಬೀಡಿ ಸೇದುವ ನನ್ನ ಗಂಡ, ಒಂದು ಕಪ್ಪು ಹಸು. ಬೆಳಿಗ್ಗೆ ಎದ್ದು ಹೊಸದುರ್ಗದ ಬಸ್ಸು ಹತ್ತಿದೆ. ದಾರಿಯಲ್ಲಿ ಮಾರಿಕಣಿವೆ ಡ್ಯಾಮು ಬಂದಿದ್ದೂ ನನಗೆ ಗೊತ್ತಾಗಲಿಲ್ಲ.

ಅಕ್ಕ ತನ್ನ ಮಗನ ಮಂಡಕ್ಕಿ ಭಟ್ಟಿಯ ಮುಂದೆ ಕೂತು ಹೊಟ್ಟು ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಡಲಿಲ್ಲ.

"ಏನೇ, ಮುತ್ತೈದೆ ಒಬ್ಬಳೇ ಬಂದೀಯ. ಯಾರು ಸತ್ರು?"

"ಯಾರೂ ಸತ್ತಿಲ್ಲ. ನೀನು ದುರ್ಗಕ್ಕೆ ಬರಬೇಕು." ವಿಷಯ ಎಲ್ಲ ಹೇಳಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು. "ನಿನ್ನ ಮೊದಲ ಸೊಸೆ ಮದುವೆಯಾಗೆ ನಾನು ಎಲ್ಲಿದ್ದೆ, ನೆನಪೈತಾ?"

"ಅಡಿಗೆ ಮನೆಯಾಗೆ."

"ಅಡಿಗೆ ಮನೆಯಾಗಲ್ಲ. ಅದರ ಹಿಂದೆ, ಪಾತ್ರೆ ಬೆಳಗೋ ಕಡೆ."

"ಈಗ್ಯಾಕೆ ಅದು?"

"ಸುಮ್ನೆ. ಸಾಹೇಬ್ರ ಮುಂದೆ ನನ್ನ ಎಲ್ಲಿ ನಿಲ್ಲಿಸ್ತೀಯ ಅಂತ ಕೇಳ್ದೆ."

ನಾನು ಸೀರೆಗೆ ಅಂಟಿದ ಹೊಟ್ಟು ಕೊಡವಿದೆ. ಅವಳು ಬಿಡಲಿಲ್ಲ. "ನಿಜ ಹೇಳು. ಅವಳು ಹೋದ್ರೆ ನಿಂಗೆ ಖುಷಿ ಅಲ್ವೇನೇ?"

"ಖುಷಿನೇ. ಅವಳೊಬ್ಬಳೇ ಹೋಗಂಗಿದ್ರೆ ನಿನ್ನ ಬಾಗಿಲಿಗೆ ಬರ್ತಿದ್ನಾ ನಾನು?"

ಅಕ್ಕ ಜೋರಾಗಿ ನಕ್ಕಳು. "ಇದೊಂದು ಸರಿಯಾಗಿ ಹೇಳ್ದೆ. ತಡಿ, ಸೀರೆ ಬದಲಾಯಿಸ್ತೀನಿ. ಹೋಗಾಣ."

ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹಿಡಿದೆವು. ಹೊಳಲ್ಕೆರೆಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತ್ತು. ಅಕ್ಕ ಇಳಿದು ಹೋಗಿ ಹೊಸ ಅಡಿಕೆ ತಂದು ಬಾಯಿಗೆ ಹಾಕಿಕೊಂಡಳು. ಜನ್ಮದಲ್ಲಿ ಯಾರೂ ಅವಳನ್ನು ಯಾವ ಶುಭಕ್ಕೂ ಮುಂದೆ ಕರೆದಿರಲಿಲ್ಲ. ಇವತ್ತು ಅವಳಿಲ್ಲದೆ ಕೆಲಸ ನಡೆಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಕಿಟಕಿ ಕಡೆ ಕೂತು, ಕಾಲು ಮುಂದೆ ಚಾಚಿ, ದುರ್ಗದವರೆಗೂ ಅಗಿದಳು.

ಅಕ್ಕನ ಮಗ ಫೋನು ಮಾಡಿ ಹೇಳಿದ್ದರಿಂದ ಆಫೀಸಿನ ಮುಂದೆ ಮಗ, ಸೊಸೆ ಕಾಯುತ್ತಿದ್ದರು. ಸೊಸೆ ಅಕ್ಕನ ಕಾಲು ಮುಟ್ಟಿದಳು. ನನ್ನ ಕೈಯಲ್ಲಿದ್ದ ಅಕ್ಕನ ಚೀಲವನ್ನು ಇಸಿದುಕೊಂಡಳು. ಒಳಗೆ ಅಕ್ಕನನ್ನು ಮಾತ್ರ ಕರೆದರು. ನೀವು ನೋಡಿಲ್ಲವಲ್ಲ, ಹೊರಗಿರಿ ಅಂತ ದಫೇದಾರರು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಬಾಗಿಲಿಗೆ ಬರೀ ಪರದೆ ಇತ್ತು, ಮಾತು ಕೇಳುತ್ತಿತ್ತು.

"ಕುಂತ್ಕಳ್ರಿ ಅಜ್ಜಿ," ಅಂದರು ದಫೇದಾರರು.

"ಕುರ್ಚಿ ಮ್ಯಾಲೇನಾ?"

"ಹೂಂ, ಕುರ್ಚಿ ಮ್ಯಾಲೇ."

ಕುರ್ಚಿ ಎಳೆದ ಸದ್ದು ಕೇಳಿತು. ಅಧಿಕಾರಿ ಒಂದೊಂದೇ ಕೇಳಿದರು. ಅಕ್ಕ ನಿಧಾನವಾಗಿ ಹೇಳಿದಳು. ಹಸಿರು ಸೀರೆ, ಅಂಚು ಅರಿಶಿನದ್ದು. ಬಳೆ ತೊಡಿಸಿದವಳು ನಾನೇ, ಒಂದು ಬಳೆ ಒಡೆದು ಅವಳ ಕೈಗೆ ಚುಚ್ಚಿತು, ಗಾಯ ಈಗಲೂ ಇದ್ದರೆ ನೋಡಿ ಸ್ವಾಮಿ. ತಾಳಿ ಕಟ್ಟುವಾಗ ಜಡೆ ಅಡ್ಡ ಬಂದು ಗಂಟು ಬೀಳಲಿಲ್ಲ, ನಾನು ಎತ್ತಿ ಹಿಡಿದೆ, ಸಾಯಂಕಾಲ, ಬಾಗಿಲು ಮುಚ್ಚಿದ್ದೆವು.

"ಹೆಣ್ಣಿಗೆ ಒಪ್ಪಿಗೆ ಇತ್ತೇ?" ಅಂತ ಅವರು ಕೇಳಿದರು.

"ಇತ್ತು. ಕಟ್ಟೋಕೆ ಮುಂಚೆ ಒಂದೇ ಮಾತು ಕೇಳಿದ್ಲು. ಕೂಸೆಲ್ಲಿ ಅಂತ. ಒಳಗೆ ಕರ್ಕೊಂಡು ಬರ್ರಿ, ಕೂಸೂ ನೋಡಲಿ ಅಂದ್ಲು. ಕೂಸು ನೋಡಬಾರದವ್ವ ಅಂತ ನಾನೇ ಬೇಡ ಅಂದೆ."

ಈ ಮಾತು ನನಗೆ ಗೊತ್ತಿರಲಿಲ್ಲ. ಅಕ್ಕ ಇಷ್ಟು ವರ್ಷ ಹೇಳಿರಲಿಲ್ಲ. ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಅಂತ ಬರೆದರೆ ಓದುವವರಿಗೆ ಸಮಾಧಾನ ಆಗುತ್ತದೆ. ಕರಗಲಿಲ್ಲ. ನಾನು ಕೂಸನ್ನು ಎತ್ತಿಕೊಂಡು ಹಿತ್ತಲಲ್ಲಿ ನಿಂತಿದ್ದಾಗಲೇ ಇವಳು ಅದರ ಮೇಲೆ ಕಣ್ಣು ಹಾಕಿದ್ದಳು ಅಂತ ಮಾತ್ರ ಅನ್ನಿಸಿತು.

ಅಕ್ಕನಿಗೆ ಆಫೀಸಿನವರು ಟೀ ತರಿಸಿ ಕೊಟ್ಟರು. ನಡೆದದ್ದನ್ನು ಇದ್ದ ಹಾಗೆ ವಕೀಲರ ಹತ್ತಿರ ಬರೆಸಿ ಪ್ರಮಾಣ ಮಾಡಿ ಕೊಡಿ, ಈ ಕಾರ್ಡನ್ನು ವಾಪಸ್ ತೆಗೆದುಕೊಳ್ಳಿ ಅಂತ ಅಧಿಕಾರಿ ಮಗನಿಗೆ ಹೇಳಿದರು. ಬರೆಸಿದ ಕಾಗದಕ್ಕೆ ಅಕ್ಕ ಹೆಬ್ಬೆಟ್ಟು ಒತ್ತಿದಳು. ಮೂರನೇ ಕ್ಲಾಸು ಓದಿದ ನನಗೆ ಸಹಿ ಹಾಕಲು ಬರುತ್ತಿತ್ತು. ನನ್ನ ಸಹಿ ಯಾರಿಗೂ ಬೇಕಾಗಿರಲಿಲ್ಲ.

ಅರ್ಜಿ ಬೆಂಗಳೂರಿಗೆ ಹೋಯಿತು, ದಿಲ್ಲಿಗೆ ಹೋಯಿತು. ಬಹಳ ದಿನ ಆಯಿತು. ಕೊನೆಗೆ ಒಪ್ಪಿಗೆ ಬಂತು, ಲಂಕೆಯ ಪಾಸ್‌ಪೋರ್ಟು ಒಪ್ಪಿಸಿ ಪ್ರಮಾಣ ಮಾಡಿ ಅಂತ ಹೇಳಿದರು. ಪಾಸ್‌ಪೋರ್ಟು ಕಳಿಸುವ ದಿನ ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ಅವಳ ತಾಯಿ ಇನ್ನೂ ಅಲ್ಲೇ ಇದ್ದಳು. ಮಗ ಬೆನ್ನು ಸವರಿದ, ಕೂಸು ಕಣ್ಣು ಒರೆಸಿತು. ಅದಕ್ಕೂ ನನಗೆ ಸಂಕಟವಾಯಿತು. ಅವಳಿಗೆ ಬಿಡುವುದಕ್ಕೆ ಒಂದು ದೇಶವೇ ಇತ್ತು. ನಾನು ಬಿಟ್ಟು ಬಂದದ್ದು ಯಲ್ಲದಕೆರೆ. ಅದನ್ನು ಬಿಡುವಾಗ ಯಾರೂ ನನ್ನ ಸಹಿ ತೆಗೆದುಕೊಳ್ಳಲಿಲ್ಲ, ಅಳು ನಿಲ್ಲಿಸು ಅಂತ ಗಾಡಿ ಹೊಡೆಯುವವನು ಗದರಿದ.

ಪ್ರಮಾಣದ ದಿನ ಎಲ್ಲರೂ ಹೋದೆವು. ಅವಳು ನಿಂತುಕೊಂಡು ಕನ್ನಡದಲ್ಲೇ ಓದಿದಳು. ಮೊಮ್ಮಗಳು ಹೇಳಿಕೊಟ್ಟಿದ್ದಳು. ತಪ್ಪಿಲ್ಲದೆ ಓದಿದಳು. ಅಧಿಕಾರಿ ಕಾಗದ ಕೊಟ್ಟು, ಇನ್ನು ನೀವು ನಮ್ಮವರು ಅಂದರು.

ಸಂಜೆ ಹಿರಿಯೂರಿನ ಬಸ್ಸು ತುಂಬಿತ್ತು. ಮೂರು ಜನ ಕೂರುವ ಸೀಟು ಸಿಕ್ಕಿತು. ಕಿಟಕಿ ಪಕ್ಕ ಅವಳು, ನಡುವೆ ಕೂಸು, ಈ ಕಡೆ ನಾನು. ಗಂಡಸರು ನಿಂತಿದ್ದರು. ಊರು ದಾಟುವುದರೊಳಗೆ ಕೂಸಿಗೆ ನಿದ್ದೆ ಬಂತು. ಯಾವ ಕಡೆ ವಾಲುತ್ತದೆ ಅಂತ ನಾನು ನೋಡುತ್ತಾ ಇದ್ದೆ. ಸೆರಗು ಸರಿ ಮಾಡಿಕೊಂಡು ಸ್ವಲ್ಪ ಹತ್ತಿರಕ್ಕೂ ಜರುಗಿದೆ. ಅದು ಆ ಕಡೆ ವಾಲಿ ಅವಳ ತೊಡೆಯ ಮೇಲೆ ತಲೆ ಇಟ್ಟು, ಕಾಲನ್ನು ನನ್ನ ಕಡೆ ಚಾಚಿತು. ಚಪ್ಪಲಿಯಲ್ಲಿ ಕೆಸರಿತ್ತು. ಬಿಚ್ಚಿ ಸೀಟಿನ ಕೆಳಗಿಟ್ಟು, ಎರಡೂ ಕಾಲನ್ನು ಎತ್ತಿ ನನ್ನ ಮಡಿಲಲ್ಲಿ ಹಾಕಿಕೊಂಡೆ. ಅವಳು ನೋಡಿದಳು. ನಾನು ಕಂಡಕ್ಟರ್ ಕಡೆ ಮುಖ ತಿರುಗಿಸಿದೆ.